ಫೋಲ್ಡರ್ ತೆಗೆದು ನೋಡಿದಿರಾ?

(ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಅಂತಿಮ ವರ್ಷದ ಪ್ರಾಜೆಕ್ಟ್ ಪ್ರದರ್ಶನದ ದಿನ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಮೆಷಿನ್ ಲರ್ನಿಂಗ್, ಅಂದರೆ ಉದಾಹರಣೆಗಳನ್ನು ಕೊಟ್ಟು ಕಂಪ್ಯೂಟರಿಗೆ ಕಲಿಸುವ ವಿದ್ಯೆ, ಅದರ ಸಂಶೋಧನೆಯಲ್ಲಿ ಇಂಟರ್ನ್‌ಶಿಪ್ ಹಿಡಿಯುವುದು ಹೇಗೆ, ಲ್ಯಾಬ್ ಕೆಲಸಕ್ಕೆ ಸೇರುವುದು ಹೇಗೆ ಅಂತ ಮಾತಾಡಲು ನನ್ನನ್ನು ಕರೆದಿದ್ದಾರೆ. ಆರು ಅಂಶ ಬರೆದುಕೊಂಡು ಬಂದಿದ್ದೆ. ಆದರೆ ಬೆಳಿಗ್ಗೆ ಕೆಳಗಡೆ ನಿಮ್ಮ ಸ್ಟಾಲುಗಳನ್ನು ನೋಡಿಕೊಂಡು ಬಂದ ಮೇಲೆ ಮೊದಲನೇ ಅಂಶದ ಹತ್ತಿರವೇ ಜಾಸ್ತಿ ಹೊತ್ತು ನಿಲ್ಲಬೇಕು ಅನ್ನಿಸಿದೆ. ಉಳಿದವು ಸಮಯ ಸಿಕ್ಕಷ್ಟು.

ಕೆಳಗೆ ನಾಲ್ಕು ಸ್ಟಾಲುಗಳಲ್ಲಿ ಎಲೆ ರೋಗ ಪತ್ತೆ ಮಾಡುವ ಪ್ರಾಜೆಕ್ಟ್ ಇದೆ. ಟೊಮೆಟೊ ಎಲೆಯ ಫೋಟೊ ಕೊಟ್ಟರೆ ಇದು ಅಂಗಮಾರಿ, ಇದು ಮುಟುರು ರೋಗ ಅಂತ ಹೇಳುತ್ತದೆ. ನಾಲ್ಕೂ ಪೋಸ್ಟರುಗಳಲ್ಲಿ ದಪ್ಪ ಅಕ್ಷರದಲ್ಲಿ ಅಕ್ಯುರೆಸಿ, ಅಂದರೆ ಸರಿ ಉತ್ತರದ ಪ್ರಮಾಣ, 98, 99 ಪರ್ಸೆಂಟ್ ಅಂತ ಇದೆ. ನಾಲ್ಕೂ ಕಡೆ ನಾನು ಒಂದೇ ಪ್ರಶ್ನೆ ಕೇಳಿದೆ. ಫೋಲ್ಡರ್ ತೆಗೆದು ಫೋಟೊಗಳನ್ನು ನೋಡಿದಿರಾ? ಡೌನ್‌ಲೋಡ್ ಮಾಡಿದ್ವಿ ಅಂದರು. ರೀಸೈಜ್ ಮಾಡಿದ್ವಿ ಅಂದರು. ಒಂದು ಗುಂಪಿನ ಹುಡುಗಿ ಮಾತ್ರ ಸ್ವಲ್ಪ ಯೋಚಿಸಿ, 'ಇಲ್ಲ, ಸ್ಯಾಂಪಲ್‌ಗೆ ಅಂತ ಒಂಬತ್ತು ನೋಡಿದ್ದೆ' ಅಂದಳು. ಆ ಪ್ರಾಮಾಣಿಕ ಉತ್ತರ ನನಗೆ ಬಹಳ ಇಷ್ಟವಾಯಿತು. ಈ ಮಾತೆಲ್ಲ ಆ ಒಂಬತ್ತು ಫೋಟೊಗಳಿಂದ ಶುರುವಾದದ್ದು ಅಂತಲೇ ಇಟ್ಟುಕೊಳ್ಳಿ.

ನೀವೆಲ್ಲ ಬಳಸಿದ ಡೇಟಾಸೆಟ್, ಅಂದರೆ ಕಲಿಸಲು ಬಳಸುವ ಫೋಟೊಗಳ ಸಂಗ್ರಹ, ಯಾವುದು ಅಂತ ಕೇಳುವುದೇ ಬೇಡ. ಪ್ಲಾಂಟ್‌ವಿಲೇಜ್. ಅದರಲ್ಲಿ 54,306 ಫೋಟೊಗಳಿವೆ. 14 ಬೆಳೆ, 26 ರೋಗ. ಆರೋಗ್ಯವಾದ ಎಲೆಗಳನ್ನೂ ಸೇರಿಸಿದರೆ ಒಟ್ಟು 38 ವರ್ಗ. 2016ರಲ್ಲಿ ಇದರ ಮೇಲೆ ಬಂದ ಪೇಪರಿನಲ್ಲಿ ಅಕ್ಯುರೆಸಿ 99.35 ಪರ್ಸೆಂಟ್. ಅಂದರೆ ಆ 99 ನಿಮ್ಮ ಪೋಸ್ಟರಿಗೆ ಬರುವ ಎಷ್ಟೋ ವರ್ಷ ಮೊದಲೇ ಬಂದಾಗಿತ್ತು. ಆದರೆ ಅದೇ ಪೇಪರಿನಲ್ಲಿ ಇನ್ನೊಂದು ಸಾಲು ಇದೆ. ಬೇರೆ ಸಂದರ್ಭದಲ್ಲಿ, ಬೇರೆ ಥರ ತೆಗೆದ ಫೋಟೊಗಳನ್ನು ಕೊಟ್ಟಾಗ ಅದೇ ಮಾಡೆಲ್, ಅಂದರೆ ಈ ಫೋಟೊಗಳಿಂದ ಕಲಿತ ಪ್ರೋಗ್ರಾಂ, 31 ಪರ್ಸೆಂಟಿನ ಆಸುಪಾಸಿಗೆ ಇಳಿಯಿತು. ಇದನ್ನು ಅವರೇ ಬರೆದಿದ್ದಾರೆ, ಮುಚ್ಚಿಟ್ಟಿಲ್ಲ. ನಾವು 99ನ್ನು ಮಾತ್ರ ಎತ್ತಿಕೊಂಡು ಬಂದೆವು.

ಯಾಕೆ ಹಾಗಾಯಿತು? ಫೋಲ್ಡರ್ ತೆಗೆದರೆ ಐದು ನಿಮಿಷದಲ್ಲಿ ಅನುಮಾನ ಬರುತ್ತದೆ. ಅದರಲ್ಲಿ ಇರುವುದು ಗಿಡದ ಫೋಟೊ ಅಲ್ಲ. ಎಲೆಯನ್ನು ಕಿತ್ತು, ಒಂದು ಹಾಳೆಯ ಮೇಲೆ ಇಟ್ಟು, ಒಂದೊಂದೇ ತೆಗೆದ ಫೋಟೊ. ಹಿಂದೆ ಬೂದು ಬಣ್ಣ. ಒಂದು ರೋಗದ ಫೋಟೊಗಳನ್ನೆಲ್ಲ ಒಂದೇ ಬೆಳಕಿನಲ್ಲಿ ತೆಗೆದರೆ ಆ ಬೂದು ಬಣ್ಣಕ್ಕೇ ಒಂದು ಗುರುತು ಬಂದುಬಿಡುತ್ತದೆ. 2022ರಲ್ಲಿ ಒಬ್ಬ ಸಂಶೋಧಕರು ಇದನ್ನು ಪರೀಕ್ಷೆ ಮಾಡಿದರು. ಫೋಟೊದ ಹಿನ್ನೆಲೆಯಿಂದ ಬರೀ 8 ಪಿಕ್ಸೆಲ್ ತೆಗೆದುಕೊಂಡರು. ಎಲೆಯೇ ಇಲ್ಲ! ಆ 8 ಪಿಕ್ಸೆಲ್ ಕೊಟ್ಟು ಮಾಡೆಲ್ ಕಲಿಸಿದರೆ 49 ಪರ್ಸೆಂಟ್ ಸರಿ ಉತ್ತರ ಬಂತು. 38 ವರ್ಗಗಳಲ್ಲಿ ಸುಮ್ನೆ ಕಣ್ಣು ಮುಚ್ಚಿ ಊಹಿಸಿದರೆ 2.6 ಪರ್ಸೆಂಟ್ ಬರಬೇಕು. ಈಗ ಹೇಳಿ, ನಮ್ಮ ಮಾಡೆಲ್ ಕಲಿತದ್ದು ರೋಗವನ್ನೋ, ಹಾಳೆಯನ್ನೋ?

ಕೋಲಾರದ ಹೊಲದಲ್ಲಿ ಟೊಮೆಟೊ ಎಲೆ ಹಾಳೆಯ ಮೇಲೆ ಮಲಗಿರುವುದಿಲ್ಲ. ಅದರ ಹಿಂದೆ ಮಣ್ಣಿದೆ, ಮಲ್ಚಿಂಗ್ ಪ್ಲಾಸ್ಟಿಕ್ ಇದೆ, ಆಸರೆಯ ಕೋಲು ಇದೆ, ರೈತನ ಹೆಬ್ಬೆರಳೂ ಇದೆ.

ನಿಮ್ಮನ್ನು ಬೈಯುವುದಕ್ಕೆ ಇದನ್ನು ಹೇಳುತ್ತಿಲ್ಲ. ನಾನೂ ಇದೇ ದಾರಿಯಲ್ಲಿ ಬಂದವಳು. ನನಗೆ ಯಾರು ಹೇಗೆ ಹೇಳಿಕೊಟ್ಟರು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎಂಟನೇ ಸೆಮಿಸ್ಟರಿನಲ್ಲಿ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಮೂರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿತು. ಕನ್ನಡ ಮಾತನ್ನು ಕೇಳಿ ಬರಹಕ್ಕೆ ಇಳಿಸುವ ಕೆಲಸ. ಬೇರೆ ಬೇರೆ ಜಿಲ್ಲೆಯ ಜನ ತಮ್ಮ ಫೋನಿನಲ್ಲಿ ವಾಕ್ಯಗಳನ್ನು ಓದಿ ರೆಕಾರ್ಡ್ ಮಾಡಿ ಕಳಿಸಿದ್ದರು. ನಾನು ಒಂದು ದೊಡ್ಡ ಮಾಡೆಲ್ ತೆಗೆದುಕೊಂಡು ಅದಕ್ಕೆ ನಮ್ಮ ಡೇಟಾ ಕೊಟ್ಟು ಕಲಿಸಬೇಕಿತ್ತು. ಮೂರನೇ ವಾರದ ಶುಕ್ರವಾರ ತಪ್ಪಿನ ಪ್ರಮಾಣ 11 ಪರ್ಸೆಂಟಿಗೆ ಇಳಿಯಿತು. 100 ಪದಕ್ಕೆ 11 ತಪ್ಪು. ನನ್ನ ಖುಷಿ ಕೇಳಬೇಡಿ. ಪ್ರಿಂಟ್ ತೆಗೆದುಕೊಂಡು ಗೈಡ್ ಮೇಡಂ ರೂಮಿಗೆ ಓಡಿದೆ.

ಅವರು ಕಾಗದ ನೋಡಿದರು. 'ಎಷ್ಟು ಫೈಲ್ ಕೇಳಿದೀಯ?' ಅಂದರು.

ಒಂದೂ ಕೇಳಿರಲಿಲ್ಲ.

ಅವರು ಬೈಯಲಿಲ್ಲ. ಡ್ರಾಯರಿನಿಂದ ಒಂದು ಹೆಡ್‌ಫೋನ್ ತೆಗೆದರು. ಅದರ ಜೊತೆಗೆ ಒಂದು ಗೆರೆ ಹಾಕಿದ ಲಾಂಗ್ ಬುಕ್. 'ಇನ್ನೂರು ಫೈಲ್ ಕೇಳು. ಒಂದೊಂದಕ್ಕೂ ಒಂದು ಸಾಲು ಬರಿ. ಏನ್ ಕೇಳಿಸ್ತೋ ಅದು' ಅಂದರು. ಕಂಪ್ಯೂಟರಿನಲ್ಲೇ ಟೈಪ್ ಮಾಡ್ಲಾ ಅಂತ ಕೇಳಿದೆ. ಬೇಡ, ಕೈಯಲ್ಲಿ ಬರಿ ಅಂದರು. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿ ಬಂದವಳಿಗೆ ಲಾಂಗ್ ಬುಕ್ ಕೊಟ್ಟರಲ್ಲ ಅಂತ ಆಗ ನಿಜಕ್ಕೂ ಬೇಜಾರಾಗಿತ್ತು.

ಮೊದಲ ಫೈಲಿನಲ್ಲಿ ಕುಕ್ಕರ್ ಕೂಗುತ್ತಿತ್ತು. ಮೂರು ಸಲ ಕೂಗಿತು. ಎರಡನೆಯದರಲ್ಲಿ ಹುಂಜ. ಇನ್ನೊಂದರಲ್ಲಿ ಹಿಂದಿನಿಂದ ಕಂಡಕ್ಟರ್ 'ರೈಟ್ ರೈಟ್' ಅನ್ನುತ್ತಿದ್ದ. ಪಾಪ, ಆ ಮನುಷ್ಯ ಬಸ್ಸಿನಲ್ಲಿ ಕೂತು ವಾಕ್ಯ ಓದಿ ಕಳಿಸಿದ್ದರು. ಒಬ್ಬ ಹೆಂಗಸು ಅರ್ಧ ವಾಕ್ಯ ಓದಿ, ತಡವರಿಸಿ, 'ಅಯ್ಯೋ ತಪ್ಪಾಯ್ತು, ಇನ್ನೊಂದ್ಸಲ ಓದ್ಲಾ?' ಅಂತ ಯಾರನ್ನೋ ಕೇಳಿ, ಮೊದಲಿನಿಂದ ಓದಿದ್ದರು. ಬರಹದ ಫೈಲಿನಲ್ಲಿ ಆ ಪ್ರಶ್ನೆ ಇಲ್ಲ. ಓದಬೇಕಾಗಿದ್ದ ವಾಕ್ಯ ಮಾತ್ರ ಇದೆ. ಮಾಡೆಲ್ ಆ ಪ್ರಶ್ನೆಯನ್ನೂ ಸರಿಯಾಗಿ ಕೇಳಿಸಿಕೊಂಡು ಬರೆದಿತ್ತು. ನಾವು ಅದನ್ನು ತಪ್ಪು ಅಂತ ಲೆಕ್ಕ ಹಾಕಿದ್ದೆವು.

ಎರಡನೇ ದಿನ ಮಧ್ಯಾಹ್ನ, ಅರವತ್ತನೆಯ ಫೈಲಿನ ಆಸುಪಾಸು. ಒಂದು ಗೊಗ್ಗರು ದನಿ. ಹಿಂದೆ ಫ್ಯಾನ್ ಕಟ ಕಟ ಅನ್ನುತ್ತಿದೆ. ಈ ಫ್ಯಾನನ್ನು ನಾನು ಬೆಳಿಗ್ಗೆ ಕೇಳಿದ್ದೇನಲ್ಲ ಅನ್ನಿಸಿತು. ಲಾಂಗ್ ಬುಕ್ ತಿರುವಿ ನೋಡಿದೆ. ಹೌದು, ಹತ್ತನೆಯದೋ ಹನ್ನೊಂದನೆಯದೋ ಸಾಲಿನಲ್ಲಿ 'ಗಂಡಸು, ಗೊಗ್ಗರು ದನಿ, ಫ್ಯಾನ್ ಕಟಕಟ' ಅಂತ ನನ್ನ ಕೈಬರಹದಲ್ಲೇ ಇದೆ. ಆ ಫೈಲು ಕಲಿಕೆಯ ಪಟ್ಟಿಯಲ್ಲಿತ್ತು, ಅಂದರೆ ಮಾಡೆಲಿಗೆ ಕಲಿಸಲು ಕೊಟ್ಟದ್ದರಲ್ಲಿ. ಈ ಫೈಲು ಪರೀಕ್ಷೆಯ ಪಟ್ಟಿಯಲ್ಲಿದೆ, ಅಂದರೆ ಕಲಿತದ್ದನ್ನು ಪರೀಕ್ಷಿಸಲು ಬೇರೆ ಇಟ್ಟದ್ದರಲ್ಲಿ.

ನನ್ನ ಎದೆ ಧಸಕ್ ಅಂತು. ಫೈಲುಗಳನ್ನು ನಾನು ಇಸ್ಪೀಟ್ ಎಲೆ ಕಲಸಿದ ಹಾಗೆ ಕಲಸಿ ಎರಡು ಪಾಲು ಮಾಡಿದ್ದೆ. ಹಾಗಾಗಿ ಒಬ್ಬೊಬ್ಬರ ದನಿಯೂ ಎರಡೂ ಕಡೆ ಇತ್ತು. ಹುಡುಕಿದಾಗ ಇನ್ನೊಂದು ಸಿಕ್ಕಿತು. ಓದಲು ಕೊಟ್ಟಿದ್ದ ವಾಕ್ಯಗಳ ಪಟ್ಟಿ ಚಿಕ್ಕದು. ಅದೇ ವಾಕ್ಯವನ್ನು ಹತ್ತಾರು ಜನ ಓದಿದ್ದರು. ಪರೀಕ್ಷೆಯಲ್ಲಿದ್ದ ಬಹುಪಾಲು ವಾಕ್ಯಗಳನ್ನು ಮಾಡೆಲ್ ಕಲಿಯುವಾಗಲೇ ಬಾಯಿಪಾಠ ಮಾಡಿಯಾಗಿತ್ತು. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಿದ ಹಾಗೆ, ಅಲ್ವಾ?

ಮತ್ತೆ ಪಾಲು ಮಾಡಿದೆ. ಪರೀಕ್ಷೆಗೆ ಇಟ್ಟ ಜನ ಬೇರೆ, ವಾಕ್ಯವೂ ಬೇರೆ. ಎರಡು ರಾತ್ರಿ ಓಡಿಸಿದೆ. 11 ಇದ್ದದ್ದು 34 ಆಯಿತು. ಇಂಟರ್ನ್‌ಶಿಪ್ ಮುಗಿದೇ ಹೋಯಿತು ಅಂದುಕೊಂಡು ಮೇಡಂ ಹತ್ತಿರ ಹೋದೆ. ಅವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. 'ಬಾ, ಈ 34ನ್ನ ಬಿಡಿಸಿ ನೋಡೋಣ' ಅಂದರು. ಅವತ್ತು ಸಂಜೆ ಏಳರ ತನಕ ನಾವಿಬ್ಬರೂ 100 ತಪ್ಪುಗಳನ್ನು ಒಂದೊಂದಾಗಿ ನೋಡಿದೆವು.

ಕೆಲವು ನಿಜವಾದ ತಪ್ಪು. ಕೆಲವನ್ನು ಕೇಳಿ. ಬರಹದಲ್ಲಿ 'ಹೋಗುತ್ತಿದ್ದೇನೆ' ಅಂತ ಇದೆ. ಓದಿದವರು 'ಹೋಗ್ತಿದ್ದೀನಿ' ಅಂದಿದ್ದಾರೆ. ಧಾರವಾಡದ ಕಡೆಯವರು ಒಬ್ಬರು 'ಹೊಂಟೀನಿ' ಅಂದಿದ್ದಾರೆ. ಮಾಡೆಲ್ ಅವರು ಅಂದದ್ದನ್ನೇ ಬರೆದಿದೆ. ಲೆಕ್ಕದಲ್ಲಿ ತಪ್ಪು. ಬರಹದಲ್ಲಿ 'ಮಾಡಬೇಕು'. ಮಾಡೆಲ್ ಮಧ್ಯೆ ಜಾಗ ಬಿಟ್ಟು 'ಮಾಡ ಬೇಕು' ಅಂತ ಬರೆದಿದೆ. ಇದು ಒಂದಲ್ಲ, ಎರಡು ತಪ್ಪು! ಇದ್ದ ಪದ ಬದಲಾಯಿತು ಅಂತ ಒಂದು, ಇಲ್ಲದ ಪದ ಸೇರಿತು ಅಂತ ಇನ್ನೊಂದು. ಇಂಗ್ಲಿಷಿನಲ್ಲಿ ಮೂರು ನಾಲ್ಕು ಪದದಲ್ಲಿ ಹೇಳುವುದನ್ನು ನಾವು 'ಮನೆಯಲ್ಲಿದ್ದವರಿಗೂ' ಅಂತ ಒಂದೇ ಪದದಲ್ಲಿ ಹೇಳಿಬಿಡುತ್ತೇವೆ. ಕೊನೆಯ ದೀರ್ಘ ಒಂದು ಹೋದರೆ ಇಡೀ ಪದ ಹೋಯಿತು. ನಾವು ಎಣಿಸಿದ 100ರಲ್ಲಿ 30ಕ್ಕೂ ಜಾಸ್ತಿ ಇಂಥವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ 30 ತಪ್ಪುಗಳನ್ನು ಗುರುತಿಸಲು ಯಾವ ಕೋರ್ಸೂ ಬೇಕಾಗಲಿಲ್ಲ. ಕನ್ನಡ ಕೇಳಿಸಿಕೊಳ್ಳುವ ಕಿವಿ ಬೇಕಿತ್ತು. ಅದು ಈ ಹಾಲಿನಲ್ಲಿರುವ ಪ್ರತಿಯೊಬ್ಬರಿಗೂ ಇದೆ. ನಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೆ, ನಮ್ಮನ್ನು ಯಾರು ಲ್ಯಾಬಿಗೆ ತಗೋತಾರೆ ಅಂತ ಬೆಳಿಗ್ಗೆ ಒಬ್ಬ ಹುಡುಗ ಕೇಳಿದ. ಇವತ್ತು ಭಾರತೀಯ ಭಾಷೆಗಳ ಮೇಲೆ ಕೆಲಸ ಮಾಡುವ ಗುಂಪುಗಳಿವೆ. ಐಐಟಿ ಮದ್ರಾಸಿನಲ್ಲಿ ಎಐ4ಭಾರತ್ ಇದೆ. ನಮ್ಮ ಐಐಎಸ್‌ಸಿಯಲ್ಲಿ ಕನ್ನಡ ಮಾತಿನ ಡೇಟಾ ಕಲೆಹಾಕಿದ ಪ್ರಾಜೆಕ್ಟುಗಳು ನಡೆದಿವೆ. ಅಂಥ ಕಡೆ ನಿನ್ನ ಊರಿನ ಕನ್ನಡ ಒಂದು ಅರ್ಹತೆ ಕಣಪ್ಪ, ಕೊರತೆ ಅಲ್ಲ.

ಆ ಲಾಂಗ್ ಬುಕ್ ಈಗಲೂ ನನ್ನ ಹತ್ತಿರ ಇದೆ. ಮುಂದಿನ ವರ್ಷ ಇನ್ನೊಂದು ಲ್ಯಾಬಿನ ಇಂಟರ್‌ವ್ಯೂಗೆ ಅದನ್ನೇ ತೆಗೆದುಕೊಂಡು ಹೋಗಿದ್ದೆ. ಅರ್ಧ ಗಂಟೆ ಅದರ ಮೇಲೆಯೇ ಮಾತು ನಡೆಯಿತು. ಹೇಗೆ ಪಾಲು ಮಾಡಿದೆ, ಯಾಕೆ ಹಾಗೆ, 34ನ್ನು ನಂಬಬಹುದಾ, ಪರೀಕ್ಷೆಯ ಫೈಲುಗಳಿಂದ ಕಲಿಕೆಗೆ ಇನ್ನೂ ಏನೇನು ಸೋರಿರಬಹುದು. ನಾನು ಯಾವ ಹೊಸ ಮಾಡೆಲನ್ನೂ ಕಂಡುಹಿಡಿದಿರಲಿಲ್ಲ. ಕೆಲಸ ಸಿಕ್ಕಿತು.

ಈಗ ನಾನೇ ಇಂಟರ್‌ವ್ಯೂ ಮಾಡುವ ಕಡೆ ಕೂತಿದ್ದೇನೆ. ರೆಸ್ಯೂಮೆಯಲ್ಲಿ ಹತ್ತು ಪ್ರಾಜೆಕ್ಟ್ ಇರುತ್ತವೆ. ಒಂದನ್ನು ಆರಿಸಿ ಅಂತೀನಿ. ಅದರಲ್ಲಿ ನಿಮ್ಮ ಮಾಡೆಲ್ ತಪ್ಪು ಮಾಡಿದ ಐದು ಉದಾಹರಣೆ ಹೇಳಿ ಅಂತೀನಿ. ಹತ್ತು ಪ್ರಾಜೆಕ್ಟ್ ಮಾಡಿದವರು ಇಲ್ಲಿ ಸುಮ್ಮನಾಗುತ್ತಾರೆ. ಒಂದನ್ನೇ ಮಾಡಿ ಅದರ ತಳ ಮುಟ್ಟಿದವರು ಮಾತು ನಿಲ್ಲಿಸುವುದೇ ಇಲ್ಲ.

ಸರಿ, ಮತ್ತೆ ನಿಮ್ಮ ಎಲೆಗಳಿಗೆ ಬರೋಣ. ಪ್ಲಾಂಟ್‌ವಿಲೇಜಿನ 14 ಬೆಳೆಗಳಲ್ಲಿ ಸೇಬು ಇದೆ, ಚೆರ್ರಿ ಇದೆ, ಸ್ಟ್ರಾಬೆರಿ ಇದೆ. ಅಡಿಕೆ ಇಲ್ಲ, ರಾಗಿ ಇಲ್ಲ, ಭತ್ತ ಇಲ್ಲ. ಇಲ್ಲಿ ಶೃಂಗೇರಿ, ತೀರ್ಥಹಳ್ಳಿ ಕಡೆಯವರು ಇದ್ದೀರಾ? ಇದ್ದೀರಿ. ನಿಮ್ಮ ತೋಟದ ಎಲೆಚುಕ್ಕಿ ರೋಗದ ಬಗ್ಗೆ ನಾನು ಹೇಳಬೇಕಾಗಿಲ್ಲ. 54,000 ಫೋಟೊ ಬೇಡ. 300 ಸಾಕು. ಅಪ್ಪನ ಫೋನಿನಲ್ಲಿ ಸ್ವಲ್ಪ, ನಿಮ್ಮ ಫೋನಿನಲ್ಲಿ ಸ್ವಲ್ಪ. ಬೆಳಿಗ್ಗೆ ಸ್ವಲ್ಪ, ಮಳೆ ನಿಂತ ಮೇಲೆ ಸ್ವಲ್ಪ. ಮೂರು ತೋಟದಲ್ಲಿ ತೆಗೆಯಿರಿ. ಎರಡು ತೋಟದ ಫೋಟೊಗಳಲ್ಲಿ ಕಲಿಸಿ. ಮೂರನೇ ತೋಟವನ್ನು ಕೊನೆಯ ತನಕ ಮುಟ್ಟಬೇಡಿ. ರೋಗ ಯಾವುದು ಅಂತ ನೀವೇ ತೀರ್ಮಾನ ಮಾಡಬೇಡಿ, ತೋಟಗಾರಿಕೆ ಇಲಾಖೆಯವರನ್ನೋ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೇಳಿ ಬರೆದಿಡಿ. ಕೊನೆಗೆ 62 ಪರ್ಸೆಂಟ್ ಬಂತು ಅಂತಲೇ ಇಟ್ಟುಕೊಳ್ಳಿ. ಆ 62ನ್ನು ಪೋಸ್ಟರಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ. ಅದರ ಪಕ್ಕ, ಮಾಡೆಲ್ ಸೋತ ಹತ್ತು ಎಲೆಗಳ ಫೋಟೊ ಅಂಟಿಸಿ. ಅಂಥ ಪೋಸ್ಟರ್ ಮುಂದೆ ನಾನು ಒಂದು ಗಂಟೆ ನಿಲ್ಲುತ್ತೇನೆ.

ತೋಟ ಇಲ್ಲದವರಿಗೆ ಕನ್ನಡ ಅಂಕಿಗಳಿವೆ. 2019ರಲ್ಲಿ ವಿನಯ್ ಪ್ರಭು ಅವರು ಕನ್ನಡ-ಎಂನಿಸ್ಟ್ ಅಂತ ಕೈಬರಹದ ಅಂಕಿಗಳ ಡೇಟಾಸೆಟ್ ಬಿಡುಗಡೆ ಮಾಡಿದರು. ಸ್ಕ್ಯಾನ್ ಮಾಡಿದ ಮೂಲ ಹಾಳೆಗಳ ಸಮೇತ ಎಲ್ಲ ಉಚಿತ. ಅದರ ಜೊತೆ ಡಿಗ್-ಎಂನಿಸ್ಟ್ ಅಂತ ಇನ್ನೊಂದು ಚಿಕ್ಕ ಸಂಗ್ರಹ ಇದೆ, ಸುಮಾರು 10,000 ಚಿತ್ರಗಳು. ಅದನ್ನು ಬರೆದ ಕೈಗಳೇ ಬೇರೆ. ಒಂದು ಸಾಧಾರಣ ಸಿಎನ್‌ಎನ್, ಅಂದರೆ ಚಿತ್ರ ಗುರುತಿಸುವ ಒಂದು ಬಗೆಯ ಮಾಡೆಲ್, ಮೊದಲನೆಯದರ ಪರೀಕ್ಷೆಯಲ್ಲಿ 96.8 ತೆಗೆಯಿತು, ಎರಡನೆಯದರಲ್ಲಿ 76.1. ಅದೇ ೦ದಿಂದ ೯ರವರೆಗಿನ ಅಂಕಿಗಳು, 20 ಪರ್ಸೆಂಟಿನಷ್ಟು ಕುಸಿತ! ನಿಮ್ಮ ಮಾಡೆಲ್ ತಪ್ಪು ಮಾಡಿದ 100 ಅಂಕಿಗಳನ್ನು ಒಂದು ಹಾಳೆಯಲ್ಲಿ ಪ್ರಿಂಟ್ ಮಾಡಿ ಅಜ್ಜಿಗೆ ತೋರಿಸಿ. ಇದು ೩ ಅಥವಾ ೭, ಇದು ೬ ಅಥವಾ ೯, ಹೇಳು ಅಜ್ಜಿ ಅಂತ ಕೇಳಿ. ಎಲ್ಲಿ ಅಜ್ಜಿಗೂ ಗೊತ್ತಾಗುವುದಿಲ್ಲ, ಎಲ್ಲಿ ಅಜ್ಜಿಗೆ ಗೊತ್ತಾಗಿ ಮಾಡೆಲಿಗೆ ಗೊತ್ತಾಗುವುದಿಲ್ಲ, ಎರಡನ್ನೂ ಬೇರೆ ಬೇರೆ ಬರೆದಿಡಿ. ಈ ಎರಡನೇ ಪಟ್ಟಿಯೇ ನಿಮ್ಮ ಮೊದಲ ಸಂಶೋಧನೆಯ ಪ್ರಶ್ನೆ.

ನಮ್ಮ ಕಾಲೇಜಿನಲ್ಲಿ ಜಿಪಿಯು, ಅಂದರೆ ಮಾಡೆಲ್ ಬೇಗ ಕಲಿಸುವ ಕಾರ್ಡು, ಇಲ್ಲ ಅಂತೀರಿ. ಅರ್ಥವಾಗುತ್ತದೆ. ಆದರೆ 2012ರಲ್ಲಿ ಚಿತ್ರ ಗುರುತಿಸುವುದರಲ್ಲಿ ಹೆಸರು ಮಾಡಿದ ಅಲೆಕ್ಸ್‌ನೆಟ್ ಅನ್ನುವ ಮಾಡೆಲ್ ಕಲಿತದ್ದು ಎರಡು ಗೇಮಿಂಗ್ ಕಾರ್ಡುಗಳ ಮೇಲೆ. ಒಂದೊಂದರಲ್ಲಿ 3 ಜಿಬಿ ಮೆಮೊರಿ. ಐದಾರು ದಿನ ಓಡಿಸಿದರು. ಇವತ್ತು ಗೂಗಲಿನ ಕೋಲ್ಯಾಬ್ ಅನ್ನುವ ಆನ್‌ಲೈನ್ ಸೇವೆಯಲ್ಲಿ ಪುಕ್ಕಟೆ ಸಿಗುವ ಟಿ4 ಕಾರ್ಡಿನಲ್ಲಿ ಅದರ ಐದು ಪಟ್ಟು ಮೆಮೊರಿ ಇದೆ. ಅಂಕಿ ಗುರುತಿಸಲು ಅದೂ ಜಾಸ್ತಿಯೇ.

ಎಷ್ಟು ನಿಮಿಷ ಇದೆ ಸರ್? ಹತ್ತಾ? ಸರಿ, ಉಳಿದದ್ದನ್ನು ಬೇಗ ಹೇಳುತ್ತೇನೆ.

ಒಂದು ಮಾತನ್ನು ಮಾತ್ರ ಬಿಡುವ ಹಾಗಿಲ್ಲ. ಕೋರ್ಸಿನಲ್ಲಿ ಇಂಟರ್ನ್‌ಶಿಪ್ ಕಡ್ಡಾಯ ಆದ ಮೇಲೆ ಅದನ್ನು ಮಾರುವವರು ಹುಟ್ಟಿಕೊಂಡಿದ್ದಾರೆ. ಐದಾರು ಸಾವಿರ ಕಟ್ಟಿದರೆ ನಾಲ್ಕು ವಾರ, ಎರಡು ರೆಡಿ ಪ್ರಾಜೆಕ್ಟ್, ಬಣ್ಣದ ಸರ್ಟಿಫಿಕೇಟ್. ನನ್ನ ತಮ್ಮನೂ ಕಟ್ಟಿದ. ಅಮ್ಮ ಚೀಟಿ ಎತ್ತಿ ಕೊಟ್ಟ ದುಡ್ಡು ಅದು. ಅಲ್ಲಿ ಅವನಿಗೆ ಸಿಕ್ಕಿದ್ದು ಒಂದು ಜಿಪ್ ಫೈಲ್. ಕೆಲಸ ಕಲಿಸುವ ಲ್ಯಾಬು ನಿಮ್ಮಿಂದ ದುಡ್ಡು ಕೇಳುವುದಿಲ್ಲ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಫೆಲೋಶಿಪ್ ಇದೆ, ಎರಡು ತಿಂಗಳು, ಅವರೇ ನಿಮಗೆ ದುಡ್ಡು ಕೊಡುತ್ತಾರೆ. ಅದಕ್ಕೆ ಬೇಸಿಗೆಗೆ ಎಷ್ಟೋ ತಿಂಗಳು ಮೊದಲೇ ಅರ್ಜಿ ಹಾಕಬೇಕು, ಬಹಳ ಜನ ಇಲ್ಲೇ ತಪ್ಪುತ್ತಾರೆ. ಡಿಗ್ರಿ ಮುಗಿದವರಿಗೆ ಐಐಎಸ್‌ಸಿ, ಐಐಟಿಗಳಲ್ಲಿ ಪ್ರಾಜೆಕ್ಟ್ ಅಸೋಸಿಯೇಟ್, ಜೆಆರ್‌ಎಫ್ ಅಂದರೆ ಜೂನಿಯರ್ ರಿಸರ್ಚ್ ಫೆಲೋ ಹುದ್ದೆಗಳು ಬರುತ್ತಿರುತ್ತವೆ. ಗೇಟ್ ಅಥವಾ ನೆಟ್ ಪರೀಕ್ಷೆ ಪಾಸಾದವರಿಗೆ ಜೆಆರ್‌ಎಫ್ ಮೊತ್ತ 2023ರಿಂದ ತಿಂಗಳಿಗೆ 37,000, ಮನೆ ಬಾಡಿಗೆ ಭತ್ಯೆ ಬೇರೆ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ 2005ರಿಂದ ಇದೆ, ಅಲ್ಲಿ ರಿಸರ್ಚ್ ಫೆಲೋ ಅಂತ ಡಿಗ್ರಿ ಮುಗಿದವರನ್ನು ತೆಗೆದುಕೊಳ್ಳುತ್ತಾರೆ. ಪೈಪೋಟಿ ಬಹಳ, ಆದರೂ ಹಾಕಿ.

ಪ್ರೊಫೆಸರಿಗೆ ಮೇಲ್ ಬರೆಯುವುದು. ಒಂದೇ ಪತ್ರವನ್ನು 50 ಜನಕ್ಕೆ ಕಳಿಸಬೇಡಿ. ಅವರ ಒಂದು ಪೇಪರ್ ಓದಿ. ಅದರ ಕೋಡ್ ಓಡಿಸಿ. ಓಡಲಿಲ್ಲ ಅಂದರೆ ಎಲ್ಲಿ ನಿಂತಿತು ಅಂತ ಬರೆಯಿರಿ. ಓಡಿದರೆ ನಿಮಗೆ ಬಂದ ಸಂಖ್ಯೆ ಎಷ್ಟು, ಅವರದ್ದು ಎಷ್ಟು ಅಂತ ಬರೆಯಿರಿ. ಆರು ಸಾಲು ಸಾಕು.

ಲ್ಯಾಬ್ ಕೆಲಸ ಅಂದರೆ ಏನು. ಹೊಸ ಮಾಡೆಲ್ ಕಟ್ಟುವ ದಿನ ಕಡಿಮೆ. ಡಿಸ್ಕ್ ತುಂಬಿತು ಅಂತ ಜಾಗ ಮಾಡುವುದು, ಸರ್ವರಿನಲ್ಲಿ ಸರದಿ ಕಾಯುವುದು, ಬರಹಕ್ಕೆ ಇಳಿಸುವವರ ಜೊತೆ ಕೂತು 'ಹೋಗ್ತಿದ್ದೀನಿ' ಅಂತಲೇ ಬರೆಯಬೇಕಾ ಅಂತ ಚರ್ಚೆ ಮಾಡುವುದು, ಇವು ಜಾಸ್ತಿ. ಇದರಲ್ಲಿ ಇಷ್ಟವಾದದ್ದು ಏನೂ ಕಾಣದಿದ್ದರೆ ಇನ್ನೊಮ್ಮೆ ಯೋಚಿಸಿ. ಹಾಗಂತ ಇಂಟರ್ನ್ ಕೆಲಸ ಚಿಕ್ಕದು ಅನ್ನಬೇಡಿ. ಇವತ್ತಿನ ಚಾಟ್‌ಬಾಟುಗಳ ತಳದಲ್ಲಿರುವ ಟ್ರಾನ್ಸ್‌ಫಾರ್ಮರ್ ಮಾಡೆಲ್ ಬಂದ 2017ರ ಪೇಪರಿನಲ್ಲಿ ಎಂಟು ಹೆಸರುಗಳಿವೆ. ಅದರಲ್ಲಿ ಏಡನ್ ಗೋಮೆಜ್ ಆಗ ಗೂಗಲಿನಲ್ಲಿ ಇಂಟರ್ನ್ ಆಗಿದ್ದವರು, ಟೊರಾಂಟೊ ವಿಶ್ವವಿದ್ಯಾಲಯದ ವಿದ್ಯಾರ್ಥಿ.

ಗಣಿತ ಎಷ್ಟು ಬೇಕು ಅನ್ನುವುದು ಐದನೇ ಅಂಶ. ಲೀನಿಯರ್ ಆಲ್ಜೀಬ್ರ, ಪ್ರಾಬಬಿಲಿಟಿ, ಇವೆರಡನ್ನು ಗಟ್ಟಿ ಮಾಡಿಕೊಳ್ಳಿ. ಆರನೆಯದು ಪಿಎಚ್‌ಡಿ ಬಗ್ಗೆ, ಅದನ್ನು ಪ್ರಶ್ನೋತ್ತರದಲ್ಲಿ ಯಾರಾದರೂ ಕೇಳಿ.

ನನ್ನ ಬಸ್ಸು ಐದೂವರೆಗೆ. ಅಲ್ಲಿಯ ತನಕ ಕೆಳಗಡೆ ಸ್ಟಾಲುಗಳ ಹತ್ತಿರವೇ ಇರುತ್ತೇನೆ. ಎಲೆ ರೋಗದ ನಾಲ್ಕೂ ಗುಂಪಿನವರು ಲ್ಯಾಪ್‌ಟಾಪ್ ಚಾರ್ಜ್ ಮಾಡಿಟ್ಟುಕೊಳ್ಳಿ. ಒಂಬತ್ತು ಫೋಟೊ ನೋಡಿದ್ದೆ ಅಂದೆಯಲ್ಲಮ್ಮ, ನಿನ್ನ ಲ್ಯಾಪ್‌ಟಾಪಿನಿಂದಲೇ ಶುರು ಮಾಡೋಣ. ಹತ್ತನೆಯದು ತೆಗೆದಿಟ್ಟಿರು.